‘ರೇಡಿಯೇಷನ್ ಇಲ್ಲದ’ ಮೂಳೆ ಸ್ಕ್ಯಾನ್ ಕ್ಯಾಂಪ್: ಹಿಮ್ಮಡಿ ಮಷೀನ್ ಹೇಳೋದೇನು, ಹೇಳದೇ ಇರೋದೇನು?

ಶಿರಾ: ಮೆಡಿಕಲ್ ಸ್ಟೋರ್ ಮುಂದೆ ಒಂದು ಶಾಮಿಯಾನ, ಎರಡು ಟೇಬಲ್, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಟೇಬಲ್ ಕೆಳಗೆ ತೂಕದ ಮಷೀನಿನಷ್ಟು ದೊಡ್ಡದೊಂದು ಡಬ್ಬಿ. ಮೇಲೆ ಬ್ಯಾನರ್: ‘ಉಚಿತ ಮೂಳೆ ಸಾಂದ್ರತೆ ತಪಾಸಣೆ. ರೇಡಿಯೇಷನ್ ಇಲ್ಲ, ನೋವಿಲ್ಲ, ಎರಡೇ ನಿಮಿಷ.’ ಶಿರಾ, ಮಧುಗಿರಿ, ಪಾವಗಡ, ಯಾವ ತಾಲ್ಲೂಕಿಗೆ ಹೋದರೂ ಈ ದೃಶ್ಯ ಈಗ ಹೊಸದಲ್ಲ. ಅಕ್ಟೋಬರ್ 20ಕ್ಕೆ ವಿಶ್ವ ಆಸ್ಟಿಯೊಪೊರೋಸಿಸ್ ದಿನ ಇರೋದರಿಂದ ಆ ಹೊತ್ತಿಗೆ ಕ್ಯಾಂಪುಗಳು ಇನ್ನೂ ಜಾಸ್ತಿ.

ಚಪ್ಪಲಿ ಬಿಚ್ಚಿ ಹಿಮ್ಮಡಿ ಒಳಗೆ ಇಡ್ತೀರಿ. ಒಂದು ಚೀಟಿ ಬರುತ್ತೆ. ಅದರಲ್ಲಿ ಹಸಿರು, ಹಳದಿ, ಕೆಂಪು ಪಟ್ಟಿ, ಮೈನಸ್ ಹಾಕಿದ ಒಂದು ನಂಬರ್. ಹೆಚ್ಚು ಜನ ಹಳದಿಯಲ್ಲೋ ಕೆಂಪಿನಲ್ಲೋ ಇರ್ತಾರೆ. ಎದ್ದು ಬರೋವಾಗ ಕೈಯಲ್ಲಿ ಕ್ಯಾಲ್ಸಿಯಂ ಮಾತ್ರೆ ಪಟ್ಟಿ ಇರುತ್ತೆ, ಮನಸ್ಸಿನಲ್ಲಿ ಭಯ ಇರುತ್ತೆ.

ಹಾಗಾದ್ರೆ ಈ ಮಷೀನ್ ಸುಳ್ಳಾ? ಅಲ್ಲ. ಅದರ ಹಿಂದೆ ನಲವತ್ತು ವರ್ಷದ ವಿಜ್ಞಾನ ಇದೆ. ಆದರೆ ಜನ ಯಾವ ಪ್ರಶ್ನೆ ಇಟ್ಟುಕೊಂಡು ಕ್ಯೂ ನಿಲ್ತಾರೋ, ಆ ಪ್ರಶ್ನೆಗೆ ಬಹಳ ಸಲ ಅದರ ಹತ್ತಿರ ಉತ್ತರ ಇರಲ್ಲ. ಗೊಂದಲ ಇರೋದು ಇಲ್ಲೇ. ಒಂದೊಂದಾಗಿ ನೋಡೋಣ.

ಹಿಮ್ಮಡಿಯೇ ಯಾಕೆ?

ಮೂಳೆ ಹೊರಗಿಂದ ಗಟ್ಟಿ ಕಂಡರೂ ಒಳಗಡೆ ಜೇನುಗೂಡಿನ ಥರ ಇರುತ್ತೆ. ವಯಸ್ಸಾದಂತೆ, ಅದರಲ್ಲೂ ಹೆಂಗಸರಿಗೆ ಮುಟ್ಟು ನಿಂತ ಮೇಲೆ, ಈ ಗೂಡಿನ ಗೋಡೆಗಳು ತೆಳ್ಳಗಾಗ್ತವೆ, ಕೆಲವು ಮುರಿದೇ ಹೋಗ್ತವೆ. ಮೂಳೆ ಟೊಳ್ಳಾಗುತ್ತೆ. ಇದೇ ಆಸ್ಟಿಯೊಪೊರೋಸಿಸ್.

ಹಿಮ್ಮಡಿ ಮೂಳೆಯ ಬಹುಪಾಲು ಇಂಥ ಜೇನುಗೂಡು ಮೂಳೆಯೇ. ಅದರ ಎರಡೂ ಪಕ್ಕ ಹೆಚ್ಚು ಮಾಂಸ ಇಲ್ಲ, ಪಕ್ಕಗಳು ಹೆಚ್ಚು ಕಡಿಮೆ ಸಮ ಇರ್ತವೆ. ಆ ಕಡೆಯಿಂದ ಶಬ್ದ ಕಳಿಸಿ ಈ ಕಡೆ ಹಿಡಿಯೋದು ಸುಲಭ. ನಮ್ಮ ಕಿವಿಗೆ ಕೇಳಿಸದ ಆ ಶಬ್ದಕ್ಕೇ ಅಲ್ಟ್ರಾಸೌಂಡ್ ಅನ್ನೋದು.

ಮಷೀನ್ ಎರಡು ವಿಷಯ ಅಳೆಯುತ್ತೆ. ಒಂದು, ಶಬ್ದ ಎಷ್ಟು ವೇಗವಾಗಿ ಮೂಳೆ ದಾಟಿತು. ಇನ್ನೊಂದು, ದಾಟೋವಾಗ ಬೇರೆ ಬೇರೆ ತರಂಗಗಳು ಎಷ್ಟೆಷ್ಟು ಸೊರಗಿದವು. ಗಟ್ಟಿ ಮೂಳೆಯಲ್ಲಿ ಶಬ್ದ ಬೇಗ ದಾಟುತ್ತೆ, ಜಾಸ್ತಿ ಸೊರಗುತ್ತೆ. ಟೊಳ್ಳು ಮೂಳೆಯಲ್ಲಿ ನಿಧಾನ, ಸೊರಗೋದು ಕಡಿಮೆ. ತೆಂಗಿನಕಾಯಿ ಅಂಗಡಿಯವರು ಕಾಯಿ ತಟ್ಟಿ ಶಬ್ದದ ಮೇಲೆ ಒಳಗಿನ ಸ್ಥಿತಿ ಹೇಳ್ತಾರಲ್ಲ, ಹೆಚ್ಚು ಕಡಿಮೆ ಅದೇ ಲೆಕ್ಕ.

ಹಿಮ್ಮಡಿಯಲ್ಲಿ ಶಬ್ದ ಸೊರಗೋದನ್ನ ಅಳೆದು ಮೂಳೆ ಸ್ಥಿತಿ ಹೇಳಬಹುದು ಅಂತ 1984ರಲ್ಲಿ ಇಂಗ್ಲೆಂಡಿನ ಲ್ಯಾಂಗ್ಟನ್, ಪಾಮರ್, ಪೋರ್ಟರ್ ಅನ್ನೋ ಸಂಶೋಧಕರು ತೋರಿಸಿದರು. 1998ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಿಮ್ಮಡಿ ಮಷೀನುಗಳಿಗೆ ಒಪ್ಪಿಗೆ ಕೊಟ್ಟಿತು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ‘ಅಲ್ಟ್ರಾಸೌಂಡ್ ಸ್ಕ್ಯಾನಿಂಗ್’ ಅಂದಕೂಡಲೇ ನಮ್ಮ ಕಡೆ ಬಸುರಿ ಸ್ಕ್ಯಾನಿಂಗ್ ನೆನಪಾಗುತ್ತೆ. ಅದಕ್ಕೆ ಭ್ರೂಣಲಿಂಗ ಪತ್ತೆ ತಡೆಯೋ 1994ರ ಕಾಯ್ದೆ ಇದೆ, ಬಿಗಿ ನಿಯಮ ಇದೆ. ಹಿಮ್ಮಡಿ ಮಷೀನ್ ಬೇರೆ ಜಾತಿ. ಕ್ಯಾಂಪಿನಲ್ಲಿ ಕಾಣೋ ಮಾಮೂಲಿ ಡಬ್ಬಿಯಲ್ಲಿ ಹೊಟ್ಟೆ ನೋಡೋಕೆ ಆಗಲ್ಲ, ಮಗುವಿನ ಚಿತ್ರ ಬರಲ್ಲ. ಅದರಿಂದ ಬರೋದು ನಂಬರ್.

‘ರೇಡಿಯೇಷನ್ ಇಲ್ಲ’: ನಿಜ, ಆದರೆ ಅಸಲಿ ಕಾರಣ ಬೇರೆ

ಬ್ಯಾನರಿನಲ್ಲಿ ದೊಡ್ಡ ಅಕ್ಷರದಲ್ಲಿ ಇರೋದು ಇದೇ ಮಾತು. ಸುಳ್ಳೇನಲ್ಲ. ಅಲ್ಟ್ರಾಸೌಂಡಿನಲ್ಲಿ ಎಕ್ಸ್-ರೇ ಇಲ್ಲ.

ಆದರೆ ಇದನ್ನ ಓದಿದವರು, ಹಾಗಾದ್ರೆ ಆಸ್ಪತ್ರೆಯ ಇನ್ನೊಂದು ಟೆಸ್ಟ್ ಅಪಾಯ ಅಂದುಕೊಳ್ತಾರೆ. ಆ ಇನ್ನೊಂದು ಟೆಸ್ಟ್ ಹೆಸರು ಡೆಕ್ಸಾ. ಸೊಂಟದ ಮೂಳೆ, ಬೆನ್ನುಮೂಳೆಯ ಸಾಂದ್ರತೆಯನ್ನ ಅದು ಬಹಳ ಕಡಿಮೆ ಎಕ್ಸ್-ರೇ ಬಳಸಿ ಅಳೆಯುತ್ತೆ. ಎಷ್ಟು ಕಡಿಮೆ? ಸಾಮಾನ್ಯವಾಗಿ ಒಂದು ಡೆಕ್ಸಾಗೆ 1ರಿಂದ 10 ಮೈಕ್ರೋಸೀವರ್ಟ್. ಭೂಮಿ, ಆಕಾಶ, ಕಲ್ಲು, ಗಾಳಿಯಿಂದ ಸುಮ್ಮನೆ ಬದುಕಿರೋದಕ್ಕೇ ಮನುಷ್ಯನ ಮೇಲೆ ಬೀಳೋ ಸಹಜ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಅಂದರೆ ದಿನಕ್ಕೆ ಆರೂವರೆ ಮೈಕ್ರೋಸೀವರ್ಟ್. ಒಂದು ಡೆಕ್ಸಾ ಅಂದರೆ ಒಂದು ದಿನದ ಸಹಜ ಬದುಕಿನ ಆಸುಪಾಸು. ಗರ್ಭಿಣಿಯರಿಗೆ ಡೆಕ್ಸಾ ಮಾಡಲ್ಲ, ಅದು ಸರಿ. ಆದರೆ ಅರವತ್ತೈದರ ಅಜ್ಜಿಗೆ ಡೆಕ್ಸಾ ಬೇಡ ಅನ್ನೋಕೆ ರೇಡಿಯೇಷನ್ ಕಾರಣವೇ ಅಲ್ಲ.

ಮತ್ತೆ ಕ್ಯಾಂಪಿಗೆ ಅಲ್ಟ್ರಾಸೌಂಡೇ ಯಾಕೆ ಬರುತ್ತೆ? ವ್ಯಾಪಾರ ಮಾಡೋರಿಗೆ ಈ ಲೆಕ್ಕ ತಕ್ಷಣ ಅರ್ಥ ಆಗುತ್ತೆ. ಡೆಕ್ಸಾ ಮಷೀನ್ ದುಬಾರಿ, ಅದಕ್ಕೆ ಒಂದು ರೂಮ್ ಬೇಕು, ತರಬೇತಿ ಆದ ಟೆಕ್ನಿಷಿಯನ್ ಬೇಕು, ಎಕ್ಸ್-ರೇ ಉಪಕರಣ ಆಗಿರೋದರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಹಿಮ್ಮಡಿ ಮಷೀನಿಗೆ ಇಷ್ಟು ರಗಳೆ ಇಲ್ಲ. ಬೈಕ್ ಹಿಂದೆ ಕಟ್ಟಿಕೊಂಡು ಹೋಗಬಹುದು, ಒಂದು ದಿನಕ್ಕೆ ನೂರು ಜನರನ್ನ ನೋಡಬಹುದು. ಅದರ ನಿಜವಾದ ಶಕ್ತಿ ಇದು, ಇದನ್ನ ಕಡಿಮೆ ಅಂತ ಹೇಳ್ತಿಲ್ಲ. ಡೆಕ್ಸಾ ಬೇಕು ಅಂದರೆ ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಹೋಗಬೇಕಾದ ಹಳ್ಳಿಯವರಿಗೆ ಮನೆ ಬಾಗಿಲಿಗೆ ಬರೋ ಮಷೀನ್ ದೊಡ್ಡ ಅನುಕೂಲವೇ. ಆದರೆ ಅದು ಅನುಕೂಲದ ಮಾತು, ಸುರಕ್ಷತೆಯ ಮಾತಲ್ಲ.

ಚೀಟಿಯಲ್ಲಿರೋ ಮೈನಸ್ ನಂಬರ್

ಆ ನಂಬರಿಗೆ ಟಿ-ಸ್ಕೋರ್ ಅಂತಾರೆ. ಆರೋಗ್ಯವಂತ ಯುವತಿಯರ ಸರಾಸರಿಯನ್ನ ಸೊನ್ನೆ ಅಂತ ಇಟ್ಟುಕೊಂಡು, ನಿಮ್ಮ ಮೂಳೆ ಅದಕ್ಕಿಂತ ಎಷ್ಟು ಕೆಳಗೆ ಅಥವಾ ಮೇಲೆ ಇದೆ ಅನ್ನೋ ಅಳತೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರು ಗೆರೆ ಎಳೆಯಿತು. ಮೈನಸ್ 1ರ ತನಕ ಸರಿ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಆಸ್ಟಿಯೋಪೀನಿಯಾ, ಅಂದರೆ ಸಾಂದ್ರತೆ ಸ್ವಲ್ಪ ಕಡಿಮೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್.

ಇಲ್ಲಿ ಎರಡು ವಿಷಯ ಗಮನಿಸಿ.

ಮೊದಲನೇದು, ಈ ಗೆರೆಗಳು ಇವತ್ತು ನಿಂತಿರೋದು ಡೆಕ್ಸಾ ಅಳತೆಯ ಮೇಲೆ. ಹಿಮ್ಮಡಿ ಅಲ್ಟ್ರಾಸೌಂಡಿಗೆ ಅವನ್ನ ಹಾಗೇ ಎತ್ತಿ ಹಾಕೋಕೆ ಬರಲ್ಲ. ಮೂಳೆ ಸಾಂದ್ರತೆ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಸಿಡಿ ಇದನ್ನ ಸ್ಪಷ್ಟವಾಗಿ ಹೇಳಿದೆ: ಹಿಮ್ಮಡಿ ಮಷೀನಿನ ನಂಬರ್ ಇಟ್ಟುಕೊಂಡು ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ಪ್ರಕಾರ ‘ಆಸ್ಟಿಯೊಪೊರೋಸಿಸ್ ಇದೆ’ ಅಂತ ತೀರ್ಮಾನ ಮಾಡಬಾರದು. ಒಂದು ಕಂಪನಿಯ ಮಷೀನಿನ ಮೈನಸ್ 2 ಇನ್ನೊಂದು ಕಂಪನಿಯ ಮಷೀನಿನ ಮೈನಸ್ 2ಕ್ಕೆ ಸಮ ಅಂತ ಹೇಳೋಕೂ ಆಗಲ್ಲ. ಸೇರು ಬೇರೆ, ಪಾವು ಬೇರೆ.

ಎರಡನೇದು ಬರೀ ಲೆಕ್ಕ. ಟಿ-ಸ್ಕೋರ್ ಮಾಡಿರೋ ರೀತಿಯಲ್ಲೇ, ಯಾವ ಕಾಯಿಲೆಯೂ ಇಲ್ಲದ 100 ಯುವತಿಯರನ್ನ ನಿಲ್ಲಿಸಿದರೂ ಸುಮಾರು 16 ಜನ ಮೈನಸ್ 1ಕ್ಕಿಂತ ಕೆಳಗೆ ಇರ್ತಾರೆ. ನೂರು ಜನರನ್ನ ಎತ್ತರದ ಪ್ರಕಾರ ನಿಲ್ಲಿಸಿದರೆ ಒಂದಷ್ಟು ಜನ ಗಿಡ್ಡ ಇದ್ದೇ ಇರ್ತಾರಲ್ಲ, ಹಾಗೆ. ಗಿಡ್ಡ ಇರೋದು ಕಾಯಿಲೆ ಅಲ್ಲ. ಹಾಗಾಗಿ 28 ವರ್ಷದ ಹುಡುಗಿಯೋ ಅಂಗಡಿ ಹುಡುಗನೋ ಸುಮ್ಮನೆ ಕಾಲಿಟ್ಟು ‘ಹಳದಿ’ ಬಂತು ಅಂತ ಹೆದರೋದಕ್ಕೆ ಅರ್ಥ ಇಲ್ಲ. ಆ ವಯಸ್ಸಿನವರಿಗೆ ಬೇರೆ ಕಾಯಿಲೆಯೋ ಬೇರೆ ಔಷಧವೋ ಇಲ್ಲದಿದ್ದರೆ ಈ ಟೆಸ್ಟೇ ಬೇಕಾಗಿಲ್ಲ.

‘ಮೂಳೆ ಸವೆತ’ ಅನ್ನೋ ಒಂದು ಮಾತು, ಎರಡು ಕಾಯಿಲೆ

ಕ್ಯಾಂಪಿನ ಕ್ಯೂನಲ್ಲಿ ನಿಂತಿರೋರನ್ನ ಯಾಕೆ ಬಂದ್ರಿ ಅಂತ ಕೇಳಿ ನೋಡಿ. ಬಹುಪಾಲು ಉತ್ತರ ಒಂದೇ: ಮಂಡಿ ನೋವು. ಇಲ್ಲ ಅಂದರೆ ಸೊಂಟ ನೋವು, ಹಿಮ್ಮಡಿ ನೋವು.

ದೊಡ್ಡ ಎಡವಟ್ಟು ಆಗೋದು ಇಲ್ಲಿ. ಅದಕ್ಕೆ ಒಂದು ಕಾರಣ ನಮ್ಮ ಭಾಷೆಯಲ್ಲೇ ಇದೆ. ಕನ್ನಡದಲ್ಲಿ ನಾವು ಎರಡು ಬೇರೆ ಕಾಯಿಲೆಗೆ ‘ಮೂಳೆ ಸವೆತ’ ಅನ್ನೋ ಒಂದೇ ಹೆಸರು ಇಟ್ಟುಬಿಟ್ಟಿದ್ದೀವಿ. ಮಂಡಿ ಕೀಲಿನಲ್ಲಿ ಎರಡು ಮೂಳೆ ನಡುವಿನ ಮೆತ್ತೆ ಸವೆದು ನೋವು, ಊತ ಬರೋದು ಒಂದು. ಅದು ಕೀಲಿನ ಕಾಯಿಲೆ, ಆಸ್ಟಿಯೋ ಆರ್ಥ್ರೈಟಿಸ್. ಮೂಳೆಯ ಒಳಗಡೆ ಟೊಳ್ಳಾಗೋದು ಇನ್ನೊಂದು, ಆಸ್ಟಿಯೊಪೊರೋಸಿಸ್.

ಮೊದಲನೇದು ನೋಯುತ್ತೆ. ಎರಡನೇದು ನೋಯಲ್ಲ. ಮೂಳೆ ಟೊಳ್ಳಾಗ್ತಾ ಇದ್ದರೆ ಗೊತ್ತೇ ಆಗಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದಾಗಲೋ, ಕೈ ಊರಿ ಮಣಿಕಟ್ಟು ಮುರಿದಾಗಲೋ, ಬೆನ್ನುಮೂಳೆ ಕುಸಿದು ಗೂನು ಬಂದಾಗಲೋ ಮಾತ್ರ ಗೊತ್ತಾಗೋದು.

ಅಂದಮೇಲೆ ಹಿಮ್ಮಡಿ ಮಷೀನಿನ ನಂಬರಿಗೂ ನಿಮ್ಮ ಮಂಡಿ ನೋವಿಗೂ ನೇರ ಸಂಬಂಧ ಇಲ್ಲ. ಮಂಡಿ ಸವೆದವರ ನಂಬರ್ ಹಸಿರಿನಲ್ಲಿ ಬರಬಹುದು. ನಂಬರ್ ಕೆಂಪಿನಲ್ಲಿ ಬಂದವರಿಗೆ ಒಂದು ನೋವೂ ಇರದೇ ಇರಬಹುದು. ಕ್ಯಾಲ್ಸಿಯಂ ಮಾತ್ರೆ ತಿಂದು ಮಂಡಿ ಮೆತ್ತೆ ಮತ್ತೆ ಬೆಳೆಯಲ್ಲ. ‘ಮೂಳೆ ಸವೆದಿದೆ, ಅದಕ್ಕೇ ಮಂಡಿ ನೋವು, ಈ ಮಾತ್ರೆ ತಗೊಳ್ಳಿ’ ಅಂತ ಒಂದೇ ಉಸಿರಿನಲ್ಲಿ ಯಾರಾದರೂ ಹೇಳಿದರೆ, ಅಲ್ಲಿ ಎರಡು ಕಾಯಿಲೆ ಕಲಸಿಬಿಟ್ಟಿದ್ದಾರೆ ಅಂತ ಅರ್ಥ.

ಮಷೀನಿಗೆ ನಿಜವಾಗಿ ಗೊತ್ತಿರೋದು

ಇಷ್ಟೆಲ್ಲ ಕೇಳಿ ಮಷೀನೇ ದಂಡ ಅನ್ನಬೇಡಿ. ಇಂಗ್ಲೆಂಡಿನ ನಾರ್ಫಕ್‌ನಲ್ಲಿ 42ರಿಂದ 82 ವರ್ಷದ ಸುಮಾರು 15 ಸಾವಿರ ಗಂಡಸರು, ಹೆಂಗಸರ ಹಿಮ್ಮಡಿ ಸ್ಕ್ಯಾನ್ ಮಾಡಿ, ಮುಂದೆ ಯಾರ ಮೂಳೆ ಮುರಿಯುತ್ತೆ ಅಂತ ಗಮನಿಸಿದರು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹಿಮ್ಮಡಿ ನಂಬರ್ ಕಡಿಮೆ ಇದ್ದವರಿಗೆ ಮೂಳೆ ಮುರಿತ ಜಾಸ್ತಿ ಆಗಿತ್ತು. ಅಂದರೆ ಮುಂದೆ ಮುರಿಯೋ ಅಪಾಯ ಯಾರಿಗೆ ಜಾಸ್ತಿ ಅನ್ನೋ ಸುಳಿವು ಈ ಮಷೀನ್ ಕೊಡುತ್ತೆ.

ಐಎಸ್‌ಸಿಡಿ ಕೂಡ ಇದನ್ನ ಒಪ್ಪುತ್ತೆ, ಮೂರು ಷರತ್ತಿನ ಜೊತೆ. ಅಳೆಯೋ ಜಾಗ ಹಿಮ್ಮಡಿಯೇ ಆಗಿರಬೇಕು, ಬೆರಳು, ಮುಂಗೈ ಅಲ್ಲ. ಮುಟ್ಟು ನಿಂತ ಹೆಂಗಸರು ಮತ್ತು 65 ದಾಟಿದ ಗಂಡಸರಲ್ಲಿ ಅಪಾಯದ ಅಂದಾಜಿಗೆ ಬಳಸಬೇಕು. ಔಷಧ ಕೆಲಸ ಮಾಡ್ತಿದೆಯಾ ಅಂತ ನೋಡೋಕೆ ಬಳಸಬಾರದು.

ಈ ಮೂರನೇ ಷರತ್ತು ನಮ್ಮ ಕಡೆ ಬಹಳ ಮುಖ್ಯ. ‘ಆರು ತಿಂಗಳು ಮಾತ್ರೆ ತಗೊಂಡು ಮುಂದಿನ ಕ್ಯಾಂಪಿಗೆ ಬನ್ನಿ, ಎಷ್ಟು ಸುಧಾರಿಸಿದೆ ನೋಡೋಣ’ ಅನ್ನೋ ಮಾತಿಗೆ ಈ ಮಷೀನಿನಲ್ಲಿ ಆಧಾರ ಇಲ್ಲ. ಕಾಲು ಇಡೋ ಜಾಗ ಸ್ವಲ್ಪ ಸರಿದರೆ, ಪಾದ ಊದಿದ್ದರೆ, ಪಾದದ ಬಿಸಿ ಬದಲಾದರೆ ನಂಬರ್ ಬದಲಾಗುತ್ತೆ. ಏಪ್ರಿಲ್ ಬಿಸಿಲಲ್ಲಿ ಶಾಮಿಯಾನದ ಕೆಳಗೆ ಬಂದ ನಂಬರನ್ನ ಡಿಸೆಂಬರ್ ಚಳಿಯ ನಂಬರ್ ಜೊತೆ ಇಟ್ಟು ನೋಡಿದರೆ ಏರುಪೇರು ಮೂಳೆಯದ್ದೋ ಹವಾಮಾನದ್ದೋ ಹೇಳೋಕಾಗಲ್ಲ.

ಇನ್ನೊಂದು ಎಚ್ಚರಿಕೆ. ಕೈಯಲ್ಲಿ ಲೋಹದ ಕಡ್ಡಿ ಹಿಡಿಸಿ, ಒಂದು ನಿಮಿಷದಲ್ಲಿ ಲಿವರ್, ಕಿಡ್ನಿ, ಮೂಳೆ, ವಿಟಮಿನ್ ಎಲ್ಲದರ ರಿಪೋರ್ಟ್ ಪ್ರಿಂಟ್ ತೆಗೆಯೋ ‘ಕ್ವಾಂಟಮ್’ ಮಷೀನ್ ಅಂತ ಒಂದು ಓಡಾಡ್ತಿದೆ. ಅದು ಅಲ್ಟ್ರಾಸೌಂಡೂ ಅಲ್ಲ, ಡೆಕ್ಸಾನೂ ಅಲ್ಲ. ಮೂಳೆ ಸಾಂದ್ರತೆ ಅಳೆಯೋ ಶಕ್ತಿಯೇ ಅದಕ್ಕಿಲ್ಲ. ಅಲ್ಲಿ ಕೊಡೋ ದುಡ್ಡು ನೀರಿಗೆ ಹಾಕಿದ ಹಾಗೆ.

ನಮ್ಮ ಜಿಲ್ಲೆಗೆ ಇರೋ ಎರಡು ವಿಶೇಷ ತೊಂದರೆ

ಒಂದು, ಫ್ಲೋರೈಡ್. ಪಾವಗಡದ ಬೋರ್‌ವೆಲ್ ನೀರಿನ ಕಥೆ ರಾಜ್ಯಕ್ಕೇ ಗೊತ್ತು. ಪಕ್ಕದ ಚಿತ್ರದುರ್ಗ, ಚಿಕ್ಕಬಳ್ಳಾಪುರ ಕಡೆಯೂ ಇದೇ ಗೋಳು. ಕುಡಿಯೋ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5ರ ತನಕ ಸಹಿಸಬಹುದು ಅಂತ ಭಾರತೀಯ ಮಾನಕ ಹೇಳುತ್ತೆ. ವರ್ಷಗಟ್ಟಲೆ ಅದಕ್ಕಿಂತ ಬಹಳ ಜಾಸ್ತಿ ಕುಡಿದವರ ಮೂಳೆಯಲ್ಲಿ ಫ್ಲೋರೈಡ್ ಸೇರಿಕೊಳ್ಳುತ್ತೆ. ವಿಚಿತ್ರ ಏನಂದ್ರೆ, ಅಂಥ ಬೆನ್ನುಮೂಳೆ ಎಕ್ಸ್-ರೇಯಲ್ಲಿ ಇನ್ನೂ ಗಟ್ಟಿಯಾಗಿ, ಬೆಳ್ಳಗೆ ಕಾಣುತ್ತೆ, ಸಾಂದ್ರತೆ ಜಾಸ್ತಿ ತೋರಿಸುತ್ತೆ. ಆದರೆ ಒಳಗಿನ ಗುಣಮಟ್ಟ ಕೆಟ್ಟಿರುತ್ತೆ. ಬೆನ್ನು ಬಗ್ಗಲ್ಲ, ಕೀಲು ಬಿಗಿ, ಮೂಳೆ ಪೆಡಸು. ಹಾಗಾಗಿ ಫ್ಲೋರೈಡ್ ನೀರು ಕುಡಿದು ಬೆಳೆದ ಊರಿನವರು ನಂಬರ್ ಚೆನ್ನಾಗಿ ಬಂತು ಅಂತ ನಿಶ್ಚಿಂತೆಯಾಗಿ ಇರೋಕಾಗಲ್ಲ. ಡಾಕ್ಟರ್ ಹತ್ರ ಹೋದಾಗ ‘ನಮ್ಮೂರಿನ ನೀರು ಇಂಥದ್ದು’ ಅಂತ ಮೊದಲು ಹೇಳಬೇಕು. ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಅದನ್ನ ರಿಪೇರಿ ಮಾಡಿಸೋದು ಹತ್ತು ಮೂಳೆ ಕ್ಯಾಂಪಿಗಿಂತ ದೊಡ್ಡ ಕೆಲಸ.

ಎರಡು, ಸ್ಟೀರಾಯ್ಡ್. ಮಂಡಿ ನೋವಿಗೆ ಹೆಸರು ಇಲ್ಲದ ಪುಡಿ, ಪೊಟ್ಟಣದಲ್ಲಿ ಕಟ್ಟಿಕೊಡೋ ಬಿಳಿ ಮಾತ್ರೆ, ವಾರಕ್ಕೊಂದು ಇಂಜೆಕ್ಷನ್ ನಮ್ಮ ಹಳ್ಳಿಗಳಲ್ಲಿ ಮಾಮೂಲಿ. ತಗೊಂಡ ದಿನವೇ ನೋವು ಮಾಯ ಆಗುತ್ತೆ ಅಂದರೆ ಅದರಲ್ಲಿ ಸ್ಟೀರಾಯ್ಡ್ ಇರೋ ಸಾಧ್ಯತೆ ಯೋಚಿಸಬೇಕು. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡನ್ನ ದಿನಕ್ಕೆ 5 ಮಿಲಿಗ್ರಾಂ ಅಥವಾ ಜಾಸ್ತಿ ಮೂರು ತಿಂಗಳು ತಗೊಂಡರೂ ಮೂಳೆ ಮುರಿಯೋ ಅಪಾಯ ಏರುತ್ತೆ. ಇಲ್ಲದ ಮೂಳೆ ಸವೆತಕ್ಕೆ ಔಷಧ ಅಂತ ತಗೊಂಡು ನಿಜವಾದ ಮೂಳೆ ಸವೆತ ತಂದುಕೊಳ್ಳೋದು ಅಂದ್ರೆ ಇದೇ. ಉಬ್ಬಸಕ್ಕೋ, ಕೀಲುವಾತಕ್ಕೋ ಡಾಕ್ಟರೇ ಬರೆದುಕೊಟ್ಟಿದ್ದರೆ ತಾವಾಗಿಯೇ ದಿಢೀರ್ ನಿಲ್ಲಿಸಬಾರದು, ಅದು ಅಪಾಯ. ಮೂಳೆ ವಿಚಾರ ಅವರ ಹತ್ರವೇ ಕೇಳಬೇಕು.

ಕ್ಯಾಂಪ್ ಯಾಕೆ ನಡೆಯುತ್ತೆ?

ಉಚಿತ ಅನ್ನೋದಕ್ಕೆ ಯಾರೋ ಒಬ್ಬರು ದುಡ್ಡು ಕೊಟ್ಟೇ ಇರ್ತಾರೆ. ಅಂಗಡಿ ಇಟ್ಟೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಲ್ಸಿಯಂ, ವಿಟಮಿನ್ ಡಿ ಮಾರೋರಿಗೆ ಹಳದಿ, ಕೆಂಪು ಚೀಟಿ ಹಿಡಿದ ಗಿರಾಕಿ ಬೇಕು. ಎಲ್ಲ ಕ್ಯಾಂಪೂ ಹೀಗೇ ಅಂತಲ್ಲ. ಡಾಕ್ಟರ್ ಕೂತು ಸಮಾಧಾನವಾಗಿ ವಿವರಿಸೋ ಕ್ಯಾಂಪುಗಳೂ ಇವೆ.

ಆದರೆ ಜಾಗ ಖಾಲಿ ಬಿಟ್ಟಿರೋದು ಸರ್ಕಾರ. 30 ದಾಟಿದವರಿಗೆ ಆರೋಗ್ಯ ಕೇಂದ್ರಗಳಲ್ಲಿ ನಡೆಯೋ ತಪಾಸಣೆಯಲ್ಲಿ ಮುಖ್ಯವಾಗಿ ಇರೋದು ಬಿಪಿ, ಶುಗರ್, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್. ಈ ಐದರಲ್ಲಿ ಮೂಳೆ ಇಲ್ಲ. ಸೊಂಟ ಮುರಿದು ಹಾಸಿಗೆ ಹಿಡಿದ ಅಜ್ಜಿ ಇರೋ ಮನೆಗೆ ಇದರ ಬೆಲೆ ಗೊತ್ತು. ಆಪರೇಷನ್ ಖರ್ಚು ಒಂದು ಕಡೆ. ನೋಡಿಕೊಳ್ಳೋಕೆ ಮನೆಯಲ್ಲಿ ಒಬ್ಬರು ಕೂಲಿ ಬಿಡಬೇಕು, ಇಲ್ಲ ಅಂಗಡಿ ಬಾಗಿಲು ಹಾಕಬೇಕು. ಸೊಂಟ ಮುರಿದ ವೃದ್ಧರಲ್ಲಿ ಹೆಚ್ಚು ಕಡಿಮೆ ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ಹೋಗಿಬಿಡ್ತಾರೆ ಅಂತ ಹಲವು ದೇಶಗಳ ಅಧ್ಯಯನ ಹೇಳ್ತವೆ. ಭಯ ಪಡಬೇಕಾದ ವಿಷಯ ಇದು. ಆದರೆ ಭಯ ಬೀಳ್ತಿರೋದು 35ರ ಹಳದಿ ಚೀಟಿಯವರ ಮೇಲೆ. ಮನೆ ಮೂಲೆಯಲ್ಲಿ ಕೂತಿರೋ, ಕ್ಯಾಂಪಿನ ತನಕ ನಡೆದು ಬರೋಕೂ ಆಗದ 75ರ ಅಜ್ಜಿಯನ್ನ ಯಾರೂ ಕೇಳ್ತಿಲ್ಲ.

ಮಷೀನೇ ಇಲ್ಲದ ಲೆಕ್ಕ

ಏಷ್ಯಾದ ಹೆಂಗಸರಿಗಾಗಿ 2001ರಲ್ಲಿ ತಜ್ಞರು ಒಂದು ಸುಲಭ ಸೂತ್ರ ಮಾಡಿದರು. ಹೆಸರು ಓಸ್ಟಾ. ಮುಟ್ಟು ನಿಂತ ಹೆಂಗಸರಿಗೆ ಮಾತ್ರ ಇದು. ತೂಕದ ಕೆಜಿಯಿಂದ ವಯಸ್ಸು ಕಳೆಯಿರಿ, ಬಂದಿದ್ದನ್ನ 0.2ರಿಂದ ಗುಣಿಸಿ. ಅಷ್ಟೇ.

ಉದಾಹರಣೆಗೆ, 62 ಕೆಜಿ ತೂಕದ 55 ವರ್ಷದವರಿಗೆ 62 ಕಳೆ 55, ಅಂದರೆ 7. ಗುಣಿಸಿದರೆ ಪ್ಲಸ್ 1.4. 45 ಕೆಜಿ ತೂಕದ 68 ವರ್ಷದವರಿಗೆ 45 ಕಳೆ 68, ಅಂದರೆ ಮೈನಸ್ 23. ಗುಣಿಸಿದರೆ ಮೈನಸ್ 4.6. ಮೈನಸ್ 1ಕ್ಕಿಂತ ಮೇಲಿದ್ದರೆ ಅಪಾಯ ಕಡಿಮೆ. ಮೈನಸ್ 1ರಿಂದ ಮೈನಸ್ 4 ಮಧ್ಯಮ. ಮೈನಸ್ 4ಕ್ಕಿಂತ ಕೆಳಗೆ ಹೋದರೆ ಜಾಸ್ತಿ, ಅಂಥವರು ಡಾಕ್ಟರ್ ಕೇಳಿ ಡೆಕ್ಸಾ ಮಾಡಿಸೋದು ಒಳ್ಳೇದು. ಇದು ಕಾಯಿಲೆ ಹೇಳೋ ಲೆಕ್ಕ ಅಲ್ಲ, ಯಾರನ್ನ ಮೊದಲು ಕಳಿಸಬೇಕು ಅಂತ ಹೇಳೋ ಲೆಕ್ಕ. ಅಂಗಡಿಯ ತಕ್ಕಡಿ, ಆಧಾರ್ ಕಾರ್ಡಿನ ವಯಸ್ಸು ಇದ್ದರೆ ಸಾಕು.

ಇದರ ಜೊತೆ ಇನ್ನೂ ಕೆಲವು ಪ್ರಶ್ನೆ ಕೇಳಿಕೊಳ್ಳಿ. 50 ದಾಟಿದ ಮೇಲೆ ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದಿತ್ತಾ? ಅಪ್ಪ, ಅಮ್ಮನಿಗೆ ಸೊಂಟ ಮುರಿದಿತ್ತಾ? ಬೀಡಿ, ಸಿಗರೇಟು, ಕುಡಿತ ಇದೆಯಾ? ಸ್ಟೀರಾಯ್ಡ್ ತಗೊಂಡಿದ್ದೀರಾ? ಕೀಲುವಾತ ಇದೆಯಾ? ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯ 2008ರಲ್ಲಿ ತಂದ ಫ್ರ್ಯಾಕ್ಸ್ ಅನ್ನೋ ಲೆಕ್ಕಾಚಾರ ಇಂಥ ಪ್ರಶ್ನೆಗಳ ಮೇಲೇ ನಿಂತಿದೆ. ಮೊದಲ ಪ್ರಶ್ನೆಗೆ ಹೌದು ಅಂದರೆ ಕ್ಯಾಂಪಿಗೆ ಕಾಯಬೇಡಿ, ನೇರವಾಗಿ ಮೂಳೆ ಡಾಕ್ಟರ್ ನೋಡಿ. ಒಂದು ಸಲ ಮುರಿದ ಮೂಳೆ ಯಾವ ಮಷೀನಿಗಿಂತಲೂ ಜೋರಾಗಿ ಎಚ್ಚರಿಕೆ ಕೊಟ್ಟಾಗಿದೆ.

ಮಾತ್ರೆ, ಮುದ್ದೆ, ಬಿಸಿಲು

ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ಐಸಿಎಂಆರ್‌ನ 2020ರ ಶಿಫಾರಸು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತೆ. ಒಂದು ಲೋಟ ಹಾಲಿನಲ್ಲಿ 240ರ ಆಸುಪಾಸು. ರಾಗಿಯದ್ದು ಪೂರ್ತಿ ಮೈಗೆ ಹತ್ತಲ್ಲ ನಿಜ, ಆದರೂ ಮುದ್ದೆ, ಸೊಪ್ಪಿನ ಸಾರು, ಮೊಸರು ಊಟ ಮಾಡೋ ಮನೆಗೆ ಮಾತ್ರೆ ಬೇಕೇ ಬೇಕು ಅಂತಿಲ್ಲ. ಡೇರಿಗೆ ಹಾಲೆಲ್ಲ ಹಾಕಿ ಮನೆಯವರು ಕರಿ ಟೀ ಕುಡಿಯೋ ಕಡೆ ಮಾತ್ರ ಯೋಚನೆ ಮಾಡಬೇಕು.

ಮಾತ್ರೆ ತಗೊಳ್ಳೋರು ಎರಡು ವಿಷಯ ನೆನಪಿಡಿ. ಥೈರಾಯ್ಡ್ ಮಾತ್ರೆ ತಗೊಳ್ತಿದ್ದರೆ ಅದಕ್ಕೂ ಕ್ಯಾಲ್ಸಿಯಂಗೂ ನಡುವೆ ನಾಲ್ಕು ಗಂಟೆ ಬಿಡಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಕೆಲಸ ಮಾಡಲ್ಲ. ಕಿಡ್ನಿ ಕಲ್ಲು ಆಗಿದ್ದವರು ಕೇಳದೆ ತಗೊಳ್ಳಬಾರದು. ಇನ್ನು 60 ಸಾವಿರ ಯೂನಿಟ್ಟಿನ ವಿಟಮಿನ್ ಡಿ ಸಾಮಾನ್ಯವಾಗಿ ಡಾಕ್ಟರ್ ಬರೆಯೋದು ವಾರಕ್ಕೊಂದು, ಅದೂ ಕೆಲವು ವಾರ ಮಾತ್ರ. ದಿನಾ ಒಂದು ಅಂತ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಹೊಡೆತ ಬೀಳುತ್ತೆ.

ಬೆಳಗ್ಗೆ ಶಟರ್ ಎತ್ತಿ ರಾತ್ರಿ ಎಳೆಯೋ ತನಕ ಟ್ಯೂಬ್‌ಲೈಟ್ ಕೆಳಗೆ ಕೂರೋ ನಮ್ಮ ವ್ಯಾಪಾರಸ್ಥರಿಗೆ ಬಿಸಿಲಿನ ಕೊರತೆ ಇದೆ. ಆರು ಗಂಟೆಯ ಎಳೆ ಬಿಸಿಲಿನಲ್ಲಿ ವಿಟಮಿನ್ ಡಿ ಮಾಡೋ ಕಿರಣ ಬಹಳ ಕಡಿಮೆ. ಹತ್ತು, ಹನ್ನೊಂದರ ಮೇಲೆ ಕೈ ಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ. ಮನೆಯಲ್ಲಿ ವಯಸ್ಸಾದವರಿದ್ದರೆ ಬಚ್ಚಲಿಗೆ ಹಿಡಿಕೆ, ರಾತ್ರಿಗೆ ಒಂದು ಸಣ್ಣ ಬಲ್ಬ್, ಕಣ್ಣಿನ ಪೊರೆ ಆಪರೇಷನ್ ಮುಂದೂಡದೇ ಇರೋದು. ಮೂಳೆ ಹೇಗಾದರೂ ಇರಲಿ, ಬೀಳದೇ ಇದ್ದರೆ ಸೊಂಟ ಮುರಿಯೋ ಸಂದರ್ಭವೇ ಕಡಿಮೆ.

ಕ್ಯಾಂಪ್ ಮಾಡಿಸೋರು ಕೇಳಬೇಕಾದ್ದು

ವರ್ತಕರ ಸಂಘ, ಯುವಕ ಸಂಘ, ದೇವಸ್ಥಾನ ಸಮಿತಿ, ಮೆಡಿಕಲ್ ಸ್ಟೋರಿನವರು ಜಾಗ ಕೊಡೋ ಮುಂಚೆ ಈ ಐದು ಪ್ರಶ್ನೆ ಕೇಳಲಿ:

1. ಮಷೀನ್ ಅಳೆಯೋದು ಹಿಮ್ಮಡಿಯನ್ನೋ, ಬೇರೆ ಜಾಗವನ್ನೋ? ಇವತ್ತು ಬೆಳಗ್ಗೆ ಅದನ್ನ ಸರಿ ಇದೆಯಾ ಅಂತ ಪರೀಕ್ಷೆ ಮಾಡಿದ್ದೀರಾ?
2. ನೋಂದಣಿ ಆಗಿರೋ ಡಾಕ್ಟರ್ ಸ್ಥಳದಲ್ಲಿ ಇರ್ತಾರಾ, ಬರೀ ಕಂಪನಿ ಹುಡುಗರಾ?
3. 50 ದಾಟಿದವರಿಗೆ ಆದ್ಯತೆ ಇದೆಯಾ, ಬಂದವರಿಗೆಲ್ಲ ಮಾಡ್ತೀರಾ?
4. ಕೆಂಪು ಬಂದವರನ್ನ ಮುಂದಿನ ಪರೀಕ್ಷೆಗೆ ಎಲ್ಲಿಗೆ ಕಳಿಸ್ತೀರಿ? ಚೀಟಿಯಲ್ಲಿ ಅದನ್ನ ಬರೀತೀರಾ?
5. ಮಾತ್ರೆ ಮಾರಾಟ ಅದೇ ಟೇಬಲ್ಲಿನಲ್ಲಿ ಇದೆಯಾ?

ನಾಲ್ಕನೇ ಪ್ರಶ್ನೆಗೆ ಉತ್ತರ ಇಲ್ಲ, ಐದನೇದಕ್ಕೆ ‘ಹೌದು’ ಅಂದರೆ ಅದು ತಪಾಸಣಾ ಕ್ಯಾಂಪ್ ಅಲ್ಲ, ಮಾರಾಟದ ಕ್ಯಾಂಪ್. ಜಾಗ ಕೊಡಬೇಕೋ ಬೇಡವೋ ಆಮೇಲೆ ನೀವೇ ತೀರ್ಮಾನ ಮಾಡಿ.

ಮುಂದೆ ಚಿತ್ರ ಬದಲಾಗಬಹುದು. ಸೊಂಟ, ಬೆನ್ನುಮೂಳೆಯನ್ನೇ ಅಲ್ಟ್ರಾಸೌಂಡಿನಲ್ಲಿ ಅಳೆಯೋ ‘ರೆಮ್ಸ್’ ಅನ್ನೋ ವಿಧಾನ ಇಟಲಿಯಲ್ಲಿ ತಯಾರಾಗಿದೆ, 2018ರಲ್ಲಿ ಅದಕ್ಕೆ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿದೆ. ರೇಡಿಯೇಷನ್ ಇಲ್ಲ, ಸಾಗಿಸೋದು ಸುಲಭ, ಅಳೆಯೋದೂ ಮುರಿಯೋ ಜಾಗವನ್ನೇ. ಅಂಥದ್ದು ತಾಲ್ಲೂಕು ಆಸ್ಪತ್ರೆಗೆ ಬಂದರೆ ನಿಜಕ್ಕೂ ಸುದ್ದಿ. ಆದರೆ ಶಾಮಿಯಾನದ ಹಿಮ್ಮಡಿ ಡಬ್ಬಿ ಅದಲ್ಲ. ಎರಡಕ್ಕೂ ‘ಅಲ್ಟ್ರಾಸೌಂಡ್’ ಅನ್ನೋ ಹೆಸರು ಒಂದೇ ಅಂತ ಮೋಸ ಹೋಗಬೇಡಿ.

ಅಲ್ಲಿ ತನಕ, ಮನೆಯಲ್ಲಿ ಹಳೇ ಕ್ಯಾಂಪಿನ ಚೀಟಿ ಇದ್ದರೆ ಹರಿದು ಹಾಕಬೇಡಿ, ಹೆದರಲೂಬೇಡಿ. 50 ದಾಟಿದವರದ್ದಾಗಿದ್ದು ಕೆಂಪಿನಲ್ಲಿದ್ದರೆ, ಮುಂದಿನ ಸಲ ತಾಲ್ಲೂಕು ಆಸ್ಪತ್ರೆಗೆ ಹೋದಾಗ ಡಾಕ್ಟರಿಗೆ ತೋರಿಸಿ, ಡೆಕ್ಸಾ ಬೇಕಾ ಅಂತ ಕೇಳಿ. ಆ ಚೀಟಿಯಿಂದ ಆಗಬೇಕಾದ ಕೆಲಸ ಅಷ್ಟೇ.